ನಾಲ್ಕನೆಯ ವಾರ

ಶಿಡ್ಲಘಟ್ಟ
12-3-1988

ಪ್ರೀತಿಯ ಶ್ಯಾಮಲ,

ನಿನ್ನ ಕಾಗದಕ್ಕೆ ಕಾದು ಕಾದು ಸಾಕಾಗಿ ನಾನೇ ಬರೆಯುತ್ತಿದ್ದೇನೆ. ನನಗೆ ಗಂಡು ಮಗು, ಫೆಬ್ರವರಿ ಹದಿನೆಂಟಕ್ಕೆ. ಅಮಾನುಲ್ಲಾ ಎಂದು ನಮ್ಮತ್ತೆ ಜಾನ್ ಬೀ ಹೆಸರಿಟ್ಟಿದ್ದಾರೆ. ಅಷ್ಟು ಜನರಿಗೆ ಹೆರಿಗೆ ಮಾಡಿಸಿದವಳು ನಾನೇ ಮಂಚದ ಮೇಲೆ ಮಲಗಿದಾಗ ಕಲಿತದ್ದೆಲ್ಲ ಮರೆತುಹೋಯಿತು ಕಣೇ.

ನಿನ್ನದೂ ಇದೇ ತಿಂಗಳು ಎಂದಿದ್ದೆಯಲ್ಲ. ಕೋಲಾರದ ನರ್ಸ್ ಟ್ರೈನಿಂಗಿನಲ್ಲಿ ಒಂದೇ ಕೋಣೆಯಲ್ಲಿದ್ದೆವು, ಒಂದೇ ವರ್ಷ ಮದುವೆಯಾದೆವು, ಈಗ ಮಕ್ಕಳೂ ಒಟ್ಟಿಗೆ. ಹುಡುಗನೋ ಹುಡುಗಿಯೋ? ತವರಿನಲ್ಲೇ ಇದ್ದೀಯೋ, ಗೌರಿಬಿದನೂರಿಗೆ ಹೊರಟುಹೋದೆಯೋ ತಿಳಿಯದೆ ಚಿಂತಾಮಣಿ ವಿಳಾಸಕ್ಕೇ ಹಾಕುತ್ತಿದ್ದೇನೆ.

ಮೇ ತಿಂಗಳಿಗೆ ನನ್ನ ರಜೆ ಮುಗಿಯುತ್ತದೆ. ನಾನಿಲ್ಲದೆ ಸಾದಲಿಯ ಹೆಲ್ತ್ ಸಬ್ ಸೆಂಟರಿಗೆ ಬೀಗ ಹಾಕಿದೆಯಂತೆ, ಜನ ಕೇಳುತ್ತಿದ್ದಾರಂತೆ. ನಮ್ಮವರು "ನೀನ್ ಹೋಗು, ಮಗೂನ ಅಮ್ಮಿ ನೋಡ್ಕೊಳ್ತಾರೆ" ಅಂದರು. ನೀನು ಕೆಲಸ ಬಿಟ್ಟದ್ದು ನನಗೆ ಈಗಲೂ ಬೇಜಾರು. ನಮ್ಮ ಬ್ಯಾಚಿಗೇ ಮೊದಲು ಬಂದವಳು ನೀನು. ನಾನು ನಿನ್ನ ಪಕ್ಕ ಕೂತು ಪಾಸಾದವಳು.

ಬೇಗ ಬರೆ.

ನಿನ್ನ
ಹಫೀಜಾ


ಚಿಂತಾಮಣಿ
30-3-1988

ಹಫೀಜಾ,

ಕಾಗದ ತಲುಪಿತು. ಮಗ ಹುಟ್ಟಿದ್ದು ಸಂತೋಷ.

ನನ್ನ ಮಗು ಉಳಿಯಲಿಲ್ಲ. ಹೆಣ್ಣು. ಹೊಕ್ಕುಳಬಳ್ಳಿ ಕುತ್ತಿಗೆಗೆ ಸುತ್ತಿಕೊಂಡಿತ್ತು. ಹೆಚ್ಚು ಬರೆಯಲಾರೆ. ಮುಂದಿನ ವಾರ ಇವರು ಬಂದು ಗೌರಿಬಿದನೂರಿಗೆ ಕರೆದುಕೊಂಡು ಹೋಗುತ್ತಾರೆ.

ನಿನ್ನ ಮಗನ ಫೋಟೊ ತೆಗೆಸಿದರೆ ಕಳಿಸು. ನಾನು ಕೆಲಸ ಬಿಟ್ಟದ್ದಕ್ಕೆ ನೀನು ಬೇಜಾರು ಮಾಡಿಕೊಳ್ಳಬೇಡ. ಪಕ್ಕ ಕೂತವರಿಗಾದರೂ ಉಪಯೋಗವಾಯಿತಲ್ಲ.

ಶ್ಯಾಮಲ


ಶಿಡ್ಲಘಟ್ಟ
5-7-1988

ಪ್ರೀತಿಯ ಶ್ಯಾಮಲ,

ನಿನ್ನ ಕಾಗದ ಓದಿ ಎಷ್ಟೋ ದಿನ ಏನು ಬರೆಯಬೇಕೆಂದೇ ತಿಳಿಯಲಿಲ್ಲ. ಹೆರಿಗೆಯ ಹೊತ್ತಿಗೆ ಹತ್ತಿರ ಯಾರಿದ್ದರು? ಬಳ್ಳಿ ಸುತ್ತಿಕೊಂಡದ್ದನ್ನು ನಾವು ಎಷ್ಟು ಸಲ ಬೆರಳಲ್ಲಿ ಬಿಡಿಸಿಲ್ಲ ಹೇಳು. ನಾನು ಅಲ್ಲಿದ್ದಿದ್ದರೆ ಹೀಗಾಗುತ್ತಿರಲಿಲ್ಲ ಎಂದು ಅನ್ನಿಸಿ ಅನ್ನಿಸಿ ಸಂಕಟವಾಗುತ್ತದೆ.

ಮತ್ತೆ ಆಗುತ್ತದೆ, ಧೈರ್ಯವಾಗಿರು. ನೀನು ಕೇಳಿದ್ದರಿಂದ ಫೋಟೊ ಇಟ್ಟಿದ್ದೇನೆ. ಉಲ್ಲನ್ ಟೋಪಿ ನಾನೇ ಹೆಣೆದದ್ದು. ಕೂಸು ತುಂಬ ಸಾಧು. ಎಷ್ಟು ಸದ್ದಾದರೂ ಎಚ್ಚರವಾಗುವುದಿಲ್ಲ. ರೇಷ್ಮೆ ನೂಲು ತೆಗೆಯುವ ಶೆಡ್ಡು ಮನೆಯ ಹಿಂದೆಯೇ ಇದೆಯಲ್ಲ, ದಿನವೆಲ್ಲ ಮಿಷನ್ನು ಗಡಗಡ ಅನ್ನುತ್ತಿದ್ದರೂ ಇವನು ನಿದ್ದೆಯೇ.

ನಿನ್ನ
ಹಫೀಜಾ


ಗೌರಿಬಿದನೂರು
22-7-1988

ಹಫೀಜಾ,

ನೀನು ಇದ್ದಿದ್ದರೆ ಬೆರಳಲ್ಲಿ ಬಿಡಿಸುತ್ತಿದ್ದೆಯಾ? ಬಳ್ಳಿ ಸುತ್ತಿರಲಿಲ್ಲ. ಸುಳ್ಳು ಬರೆದೆ. ನಿನ್ನ ಮಗ ಹುಟ್ಟಿದ ಸುದ್ದಿಯ ಎದುರಿಗೆ ನಿಜ ಬರೆಯಲು ಕೈ ಬರಲಿಲ್ಲ.

ಟ್ರೈನಿಂಗಿನ ಕ್ಲಾಸಿನಲ್ಲಿ ಕಿಟಕಿ ಪಕ್ಕ ಒಂದು ಚಾರ್ಟು ತೂಗುಹಾಕಿದ್ದರು, ನೆನಪಿದೆಯಾ? ಗರ್ಭ ನಿಂತ ಮೂರನೆಯ ವಾರ ಕೂಸಿನ ಬೆನ್ನ ಮೇಲೆ ಒಂದು ಎಲೆಯಂಥ ಪದರ ಮೂಡುತ್ತದೆ. ಅದರ ಎರಡು ಅಂಚೂ ಮೇಲೆದ್ದು, ಬಾಗಿ, ಒಂದಕ್ಕೊಂದು ಕೂಡಿ ಕೊಳವೆಯಾಗುತ್ತದೆ. ಮೇಲಿನ ತುದಿ ಮಿದುಳು, ಕೆಳಗಿನದು ಬೆನ್ನುಹುರಿ. ನಾಲ್ಕನೆಯ ವಾರ ಮುಗಿಯುವುದರೊಳಗೆ ಎರಡು ತುದಿಯೂ ಮುಚ್ಚಿಕೊಳ್ಳಬೇಕು. ಪರೀಕ್ಷೆಗೆ ಅದೇ ಪ್ರಶ್ನೆ ಬಂದಿತ್ತು. ನಾನು ಬರೆದೆ, ನೀನು ನನ್ನದನ್ನು ನೋಡಿ ಬರೆದೆ.

ನನ್ನ ಮಗಳಿಗೆ ಮೇಲಿನ ತುದಿ ಮುಚ್ಚಿರಲಿಲ್ಲ. ಹುಬ್ಬಿನಿಂದ ಮೇಲೆ ತಲೆಯೇ ಇರಲಿಲ್ಲ ಹಫೀಜಾ. ಮುಖ ಚೆನ್ನಾಗಿತ್ತು, ಕೈಬೆರಳು ಉದ್ದ, ನಮ್ಮಮ್ಮನ ಹಾಗೆ. ಮುಕ್ಕಾಲು ಗಂಟೆ ಉಸಿರಾಡಿದಳು. ನರ್ಸು ಬಟ್ಟೆ ಸುತ್ತಿ "ನೋಡ್ಬೇಡಮ್ಮ" ಅಂದಳು. ನಾನು ನೋಡಿದೆ. ನಾನೂ ಒಂದು ಟೋಪಿ ಹೆಣೆದಿಟ್ಟಿದ್ದೆ.

ನಮ್ಮತ್ತೆ ಓಬಳಮ್ಮ ಬೀದಿಯವರಿಗೆಲ್ಲ ಹೇಳುತ್ತಾರೆ, "ಗ್ರಹಣದ ದಿನ ಬದ್ನೇಕಾಯಿ ಹೆಚ್ಚಿದ್ಲು, ನಾನ್ ಕಣ್ಣಾರೆ ನೋಡಿದೀನಿ." ಗ್ರಹಣದ ಹೊತ್ತಿಗೆ ನನಗೆ ನಾಲ್ಕು ದಾಟಿ ಐದನೆಯ ತಿಂಗಳು. ಆಗಬೇಕಾದ್ದು ನಾನು ಬಸುರಿ ಎಂದು ನನಗೇ ಗೊತ್ತಾಗುವ ಮೊದಲೇ ಆಗಿಹೋಗಿತ್ತು. ಇದನ್ನು ಯಾರಿಗೆ ಹೇಳಲಿ? ಈ ಮನೆಯಲ್ಲಿ ಚಾರ್ಟು ನೋಡಿದವಳು ನಾನೊಬ್ಬಳೇ.

ಫೋಟೊ ಟ್ರಂಕಿನ ತಳದಲ್ಲಿ ಇಟ್ಟಿದ್ದೇನೆ.

ಶ್ಯಾಮಲ


ಶಿಡ್ಲಘಟ್ಟ
19-3-1989

ಪ್ರೀತಿಯ ಶ್ಯಾಮಲ,

ಎಂಟು ತಿಂಗಳು ಸುಮ್ಮನಿದ್ದದ್ದಕ್ಕೆ ಕ್ಷಮಿಸು. ಬೆರಳಲ್ಲಿ ಬಿಡಿಸುತ್ತಿದ್ದೆ ಎಂದು ಬರೆದ ಮಾತು ನೆನಪಾದಾಗಲೆಲ್ಲ ನಾಚಿಕೆಯಾಗುತ್ತದೆ.

ನೀನು ಮತ್ತೆ ಬಸುರಿ ಎಂದು ನಿಮ್ಮಮ್ಮ ಅಮ್ಮಾಜಮ್ಮನವರು ಚಿಂತಾಮಣಿ ಬಸ್ಸಿನಲ್ಲಿ ಸಿಕ್ಕಾಗ ಹೇಳಿದರು. ಇನ್ನೂ ಎರಡನೆಯ ತಿಂಗಳು, ಯಾರಿಗೂ ಹೇಳಬೇಡ ಅಂದರು. ನನಗಾದರೂ ನೀನೇ ಬರೆಯಬಹುದಿತ್ತು. ಈ ಸಲ ಎಲ್ಲ ಸರಿಯಾಗುತ್ತದೆ.

ಅಮಾನ್ ಚೆನ್ನಾಗಿದ್ದಾನೆ. ಗೋಡೆ ಹಿಡಿದು ನಡೆಯುತ್ತಾನೆ, ಸಾದಲಿಗೆ ಹೊರಟಾಗ ಸೆರಗು ಹಿಡಿದು ಬಿಡುವುದೇ ಇಲ್ಲ. ಹೆಚ್ಚು ಬರೆದರೆ ನಿನಗೆ ನೋವು, ಇಷ್ಟು ಸಾಕು.

ನಿನ್ನ
ಹಫೀಜಾ


ಗೌರಿಬಿದನೂರು
14-12-1989

ಹಫೀಜಾ,

ಅಕ್ಟೋಬರಿನಲ್ಲಿ ಗಂಡು ಮಗು ಹುಟ್ಟಿತು. ತಲೆ ಸರಿಯಿತ್ತು. ನಾನು ಮೊದಲು ಮುಟ್ಟಿ ನೋಡಿದ್ದೇ ತಲೆ. ನಕ್ಕೆ. ಆಮೇಲೆ ನರ್ಸು ಮಗುವನ್ನು ಮಗುಚಿದಳು. ಸೊಂಟದ ಮೇಲೆ ಬೆನ್ನು ಬಿರಿದು ನೀರಿನ ಗುಳ್ಳೆ ನಿಂತಿತ್ತು. ಈ ಸಲ ಕೆಳಗಿನ ತುದಿ ಮುಚ್ಚಿರಲಿಲ್ಲ. ಕಾಲು ಆಡಿಸಲಿಲ್ಲ. ಬೆಂಗಳೂರಿಗೆ ಒಯ್ದೆವು. ಒಂಬತ್ತನೆಯ ದಿನ ಹೋಯಿತು.

ಇನ್ನು ಮರೆಮಾಚಿ ಬರೆಯುವುದಿಲ್ಲ. ನಿನ್ನ ಕಾಗದ ಬಂದ ದಿನ ನನಗೆ ಊಟ ಸೇರುವುದಿಲ್ಲ. ನಿನ್ನ ಮಗ ಗೋಡೆ ಹಿಡಿದು ನಡೆಯುವುದು, ಸೆರಗು ಹಿಡಿಯುವುದು ಓದಿ ನಾನು ನಮ್ಮ ಮನೆಯ ಗೋಡೆಗಳನ್ನು ನೋಡುತ್ತ ಕೂತಿದ್ದೆ. ಎದುರು ಮನೆಯ ಗಂಗುಲಮ್ಮನ ಸೊಸೆ ಆರು ಹೆತ್ತಳು, ಅವಳನ್ನು ಕಂಡರೆ ನನಗೇನೂ ಅನ್ನಿಸುವುದಿಲ್ಲ. ಹೊಟ್ಟೆಕಿಚ್ಚು ನಿನ್ನೊಬ್ಬಳ ಮೇಲೆಯೇ. ನನ್ನ ಉತ್ತರ ನೋಡಿ ಬರೆದವಳಿಗೆ ಕೆಲಸವೂ ಉಳಿಯಿತು, ಮಗನೂ ಉಳಿದ.

ಇವರು ಒಳ್ಳೆಯವರು. ಹೈಸ್ಕೂಲಿನಿಂದ ಬಂದು ನನ್ನ ಪಕ್ಕ ಸುಮ್ಮನೆ ಕೂರುತ್ತಾರೆ. ಅತ್ತೆ ಇವರಿಗೆ ಇನ್ನೊಂದು ಹೆಣ್ಣು ನೋಡುವ ಮಾತೆತ್ತಿದಾಗ "ಅಮ್ಮಾ, ಆ ಮಾತು ಇನ್ನೊಂದ್ ಸಲ ಬೇಡ" ಅಂದರು, ಅಷ್ಟೇ.

ಇನ್ನು ಬರೆಯಬೇಡ. ಬರಲೂ ಬೇಡ.

ಶ್ಯಾಮಲ


ಶಿಡ್ಲಘಟ್ಟ
20-8-1990

ಶ್ಯಾಮಲ,

ಬರೆಯಬೇಡ ಎಂದಿದ್ದೆ, ಎಂಟು ತಿಂಗಳು ಬರೆಯಲಿಲ್ಲ. ಇವತ್ತು ಬರೆಯದೆ ಇರಲಾಗಲಿಲ್ಲ, ಈ ಊರಿನಲ್ಲಿ ಇದನ್ನು ಹೇಳಿಕೊಳ್ಳಲು ನನಗೆ ಯಾರೂ ಇಲ್ಲ.

ಅಮಾನ್ ಗೋಡೆ ಹಿಡಿದು ನಡೆದಿಲ್ಲ. ಆಗ ಅವನು ಕೂರುತ್ತಲೂ ಇರಲಿಲ್ಲ. ಎರಡೂವರೆ ವರ್ಷ ತುಂಬಿದ ಈಗ ಕೂರುತ್ತಾನೆ, ಒರಗಿಸಿದರೆ. ಫೋಟೊದಲ್ಲಿ ಟೋಪಿ ಹಾಕಿದ್ದು ತಲೆ ಚಿಕ್ಕದೆಂದು ನಿನಗೆ ಗೊತ್ತಾಗದಿರಲಿ ಎಂದು. ತಿಂಗಳು ತಿಂಗಳು ಟೇಪಿನಲ್ಲಿ ಅಳೆಯುತ್ತಿದ್ದೆ. ಊರ ಮಕ್ಕಳ ತಲೆ ಬೆಳೆಯಿತು, ಇವನದು ನಿಂತುಬಿಟ್ಟಿತು. ಶೆಡ್ಡಿನ ಸದ್ದಿಗೆ ಎಚ್ಚರವಾಗುವುದಿಲ್ಲ ಎಂದು ಹೆಮ್ಮೆಯಿಂದ ಬರೆದಿದ್ದೆ. ಅವನಿಗೆ ಕಿವಿ ಕೇಳುವುದಿಲ್ಲ.

ಬೆಂಗಳೂರಿನ ಡಾಕ್ಟರು "ಮೂರನೇ ತಿಂಗಳೊಳಗೆ ಜ್ವರ, ಮೈಮೇಲೆ ಗಂಧೆ ಬಂದಿತ್ತಾ?" ಎಂದು ಕೇಳಿದರು. ಬಂದಿತ್ತು. ಸಾದಲಿಯ ಪಕ್ಕದ ಹಳ್ಳಿಯಲ್ಲಿ ಮಕ್ಕಳಿಗೆಲ್ಲ ಕೆಂಪು ಗುಳ್ಳೆ ಎದ್ದಾಗ ಮನೆಮನೆಗೆ ಹೋಗಿದ್ದೆ. ಎರಡು ದಿನ ನನಗೂ ಮೈ ಬೆಚ್ಚಗಾಗಿ ಹೋಯಿತು. ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಅದು ರುಬೆಲ್ಲ ಅಂತೆ. ತಾಯಿಗೆ ಅದು ಏನೂ ಅಲ್ಲ. ಒಳಗೆ ಆಗತಾನೆ ಬೆಳೆಯುತ್ತಿರುವ ಮಿದುಳನ್ನು ಅಲ್ಲೇ ತಡೆದುಬಿಡುತ್ತದಂತೆ. ನೀನು ಹೊಟ್ಟೆಕಿಚ್ಚು ಪಟ್ಟೆಯಲ್ಲ, ಆ ಕೆಲಸದಿಂದಲೇ ತಂದದ್ದು.

ಸುಳ್ಳು ಯಾಕೆ ಬರೆದೆ ಎಂದು ಕೇಳಬೇಡ. ನಿನ್ನೊಬ್ಬಳ ಕಣ್ಣಿನಲ್ಲಾದರೂ ನನ್ನ ಮಗ ನಡೆಯಲಿ ಎಂದಿತ್ತೇನೋ.

ಹಫೀಜಾ


ಶಿಡ್ಲಘಟ್ಟ
8-12-1991

ಶ್ಯಾಮಲ,

ಹೋದ ವರ್ಷದ ಕಾಗದಕ್ಕೆ ಉತ್ತರವಿಲ್ಲ. ಇರಲಿ. ಇದಕ್ಕೆ ಒಂದು ಕಾರ್ಡಾದರೂ ಹಾಕು.

ಕಳೆದ ವಾರ ಬೆಂಗಳೂರಿನಲ್ಲಿ ನಮಗೆ ನಾಲ್ಕು ದಿನದ ತರಬೇತಿ ಇತ್ತು. ಒಬ್ಬ ಲೇಡಿ ಡಾಕ್ಟರು ಅದೇ ಚಿತ್ರ ಬೋರ್ಡಿನ ಮೇಲೆ ಬರೆದರು, ಎಲೆ, ಕೊಳವೆ, ಎರಡು ತುದಿ. ನಾನು ನೆಟ್ಟಗೆ ಕೂತೆ. ಇಂಗ್ಲೆಂಡಿನ ಕಡೆಯವರು ದೇಶ ದೇಶಗಳಲ್ಲಿ ಪರೀಕ್ಷೆ ಮಾಡಿ ಈ ವರ್ಷ ಪ್ರಕಟಿಸಿದ್ದಾರಂತೆ. ಒಮ್ಮೆ ಇಂಥ ಮಗುವಾದ ತಾಯಿ ಮತ್ತೆ ಬಸುರಾಗುವ ಮುಂಚಿನಿಂದಲೇ ಫೋಲಿಕ್ ಆಸಿಡ್ ಮಾತ್ರೆ ನುಂಗುತ್ತ ಬಂದರೆ, ಹಾಗೆ ಮರುಕಳಿಸುವುದು ಹತ್ತರಲ್ಲಿ ಏಳು ಪಾಲು ತಪ್ಪುತ್ತದಂತೆ. ಗರ್ಭ ನಿಂತ ಮೇಲೆ ಶುರುಮಾಡಿದರೆ ಅಷ್ಟರೊಳಗೆ ನಾಲ್ಕನೆಯ ವಾರ ದಾಟಿರುತ್ತದೆ. ನಾವು ಹಳ್ಳಿಗಳಲ್ಲಿ ಕೊಡುತ್ತಿದ್ದ ಕಬ್ಬಿಣದ ಮಾತ್ರೆಯಲ್ಲೂ ಇದೇ ಇತ್ತು ಕಣೇ, ತುಸು. ಐದನೆಯ ತಿಂಗಳಲ್ಲಿ ಕೊಡುತ್ತಿದ್ದೆವು.

ತರಬೇತಿ ಮುಗಿದ ಮೇಲೆ ನಿನ್ನ ವಿಷಯವೆಲ್ಲ ಆ ಡಾಕ್ಟರಿಗೆ ಹೇಳಿ, ಚೀಟಿ ಬರೆಸಿಕೊಂಡು ಮಾತ್ರೆ ತಂದಿದ್ದೇನೆ. ಮೂರು ತಿಂಗಳಿಗಾಗುವಷ್ಟು ಈ ಪ್ಯಾಕೆಟ್ಟಿನಲ್ಲಿದೆ. ಚೀಟಿಯೂ ಇದೆ, ಅಲ್ಲಿನ ಡಾಕ್ಟರಿಗೆ ತೋರಿಸಿ ಇವತ್ತಿನಿಂದಲೇ ದಿನಕ್ಕೊಂದು ನುಂಗು.

ನಾನೇ ತರುತ್ತಿದ್ದೆ. ಬರಬೇಡ ಎಂದಿದ್ದೀಯ.

ಹಫೀಜಾ


ಗೌರಿಬಿದನೂರು
10-4-1992

ಹಫೀಜಾ,

ನಿನ್ನ ಎರಡು ಕಾಗದವನ್ನೂ ಇವತ್ತು ಓದಿದೆ. ಬಂದಾಗ ಒಡೆಯಲಿಲ್ಲ. ಅಕ್ಷರ ನೋಡಿದ ಕೂಡಲೆ ಟ್ರಂಕಿನೊಳಕ್ಕೆ ಹಾಕಿದ್ದೆ. ಪ್ಯಾಕೆಟ್ಟಿನಲ್ಲಿ ನಿನ್ನ ಮಗನ ಫೋಟೊ, ಹಬ್ಬದ ಮಿಠಾಯಿ ಇರಬೇಕು ಎಂದುಕೊಂಡೆ.

ಇವತ್ತು ಅತ್ತೆ ಟ್ರಂಕಿನಿಂದ ಹಳೆಯ ಸೀರೆ ತೆಗೆಯುತ್ತ ಅವನ್ನು ನೋಡಿದರು. ಅವರಿಗೆ ಓದು ಬಾರದು. "ಇದೇನಮ್ಮ, ಕಾಗ್ದ ಬಂದಿದ್ದು ಒಡೀದೇ ಇಟ್ಟಿದ್ದೀಯ? ಆ ಕಡೆ ಯಾರಾದ್ರೂ ಸತ್ತಿದ್ರೆ ಏನ್ ಮಾಡ್ತಿದ್ದೆ?" ಅಂದರು. ಆಗ ಒಡೆದೆ.

ಮೊದಲು ಹಳೆಯದನ್ನು ಓದಿದೆ. ನಿನಗೆ ನಿಜ ಹೇಳುತ್ತೇನೆ, ನನಗೆ ಮೊದಲು ಬಂದದ್ದು ಅಳುವಲ್ಲ. ಒಂಥರಾ ನೆಮ್ಮದಿ. ನಾಲ್ಕು ವರ್ಷ ಎದೆಯ ಮೇಲಿದ್ದ ಕಲ್ಲನ್ನು ಯಾರೋ ಎತ್ತಿಟ್ಟ ಹಾಗೆ. ಅವಳಿಗೂ ಇಲ್ಲ, ಅವಳಿಗೂ ಇಲ್ಲ ಎಂದು ಒಳಗೇ ಹೇಳಿಕೊಂಡೆ. ಆಮೇಲೆ ಫೋಟೊ ತೆಗೆದು ಟೋಪಿಯ ಕೆಳಗಿನ ಮುಖ ನೋಡಿದೆ, ಮೊದಲ ಸಲ ಸರಿಯಾಗಿ. ಪಾಪ, ಅವನು ಫೋಟೊದವನ ಕಡೆ ನೋಡುತ್ತಲೇ ಇಲ್ಲ.

ಆಮೇಲೆ ಪ್ಯಾಕೆಟ್ಟು ಒಡೆದೆ.

ನನಗೆ ಈಗ ಏಳು ವಾರ.

ಮಾತ್ರೆಗಳು ಮಡಿಲಲ್ಲಿವೆ. ನಾಲ್ಕು ತಿಂಗಳು ನಾನು ಮಲಗುವ ಕೋಣೆಯಲ್ಲೇ ಇದ್ದವು. ಇವರು ಶಾಲೆಯಿಂದ ಬಂದು "ಯಾಕೆ ಹೀಗೆ ಕೂತಿದ್ದೀಯ?" ಅಂದರು. ಹೇಳಿದೆ. ಡಾಕ್ಟರ ಚೀಟಿ ತೆಗೆದುಕೊಂಡು ಎರಡು ಸಲ ಓದಿದರು. ಆಮೇಲೆ "ಅವರಿಗೆ ಈಗ್ಲೇ ಬರಿ" ಅಂದರು.

ಏನು ಮಾಡಲಿ ಹೇಳು. ಒಳಗೆ ಅದು ಮುಚ್ಚಿಕೊಂಡಿದೆಯೋ ಇಲ್ಲವೋ ಆಗಲೇ ತೀರ್ಮಾನವಾಗಿದೆ. ನನಗೊಬ್ಬಳಿಗೆ ಗೊತ್ತಿಲ್ಲ.

ಶ್ಯಾಮಲ


ಶಿಡ್ಲಘಟ್ಟ
16-4-1992

ಶ್ಯಾಮಲ,

ಮಾತ್ರೆ ನುಂಗಲು ಶುರುಮಾಡು. ಆ ವಾರ ವಾಪಸು ಬರುವುದಿಲ್ಲ, ಆದರೆ ಕೆಡುಕೂ ಇಲ್ಲ ಎಂದು ಚೀಟಿ ಬರೆದುಕೊಟ್ಟ ಡಾಕ್ಟರೇ ಹೇಳಿದರು. ಎರಡು ಸಲ ಆಗಿದ್ದರೂ ಮೂರನೆಯದೂ ಹಾಗೇ ಆಗಬೇಕೆಂದಿಲ್ಲ, ಸರಿಯಾಗಿರುವ ಸಂಭವವೇ ಹೆಚ್ಚು ಎಂದೂ ಹೇಳಿದರು. ಹದಿನೆಂಟು ವಾರಕ್ಕೆ ಬೆಂಗಳೂರಿನಲ್ಲಿ ಸ್ಕ್ಯಾನ್ ಮಾಡಿಸಬೇಕು. ತಲೆಯ ಮೂಳೆ, ಬೆನ್ನು ಎರಡೂ ಅದರಲ್ಲಿ ಕಾಣುತ್ತವೆ. ಜೂನ್ ಇಪ್ಪತ್ತೈದು ಗುರುವಾರ. ಚಿಕ್ಕಬಳ್ಳಾಪುರದ ಬಸ್ ಸ್ಟ್ಯಾಂಡಿನಲ್ಲಿ ಎಂಟಕ್ಕೆ ಕಾಯುತ್ತೇನೆ. ನಿಮ್ಮವರನ್ನೂ ಕರೆದುಕೊಂಡು ಬಾ.

ನೆಮ್ಮದಿಯಾಯಿತು ಎಂದು ಬರೆದದ್ದಕ್ಕೆ ನನಗೆ ಕೋಪವಿಲ್ಲ. ನನ್ನದನ್ನೂ ಕೇಳು. ನಿನ್ನ ಮಗ ಒಂಬತ್ತನೆಯ ದಿನ ಹೋಯಿತು ಎಂದು ಓದಿದಾಗ ನಾನು ನಿನ್ನ ಮೇಲೆ ಹೊಟ್ಟೆಕಿಚ್ಚು ಪಟ್ಟೆ. ಅವಳಿಗೆ ಒಂಬತ್ತು ದಿನದಲ್ಲಿ ಮುಗಿಯಿತು, ನಾನು ಸತ್ತ ಮೇಲೆ ಇವನ ಬಾಯಿಗೆ ಅನ್ನ ಇಡುವವರು ಯಾರು ಎಂದುಕೊಂಡೆ. ಅಮಾನ್ ಪಕ್ಕದಲ್ಲೇ ಮಲಗಿದ್ದ. ಯಾವ ತಾಯಿ ಹೀಗೆ ಯೋಚಿಸುತ್ತಾಳೆ?

ಮೊನ್ನೆ ಅವನು ನಾಲ್ಕು ಹೆಜ್ಜೆ ಇಟ್ಟ. ಈ ಸಲ ಸುಳ್ಳಲ್ಲ.

ಹಫೀಜಾ


ಚಿಂತಾಮಣಿ
20-1-1993

ಪ್ರೀತಿಯ ಹಫೀಜಾ,

ನವೆಂಬರ್ ಇಪ್ಪತ್ತೊಂಬತ್ತಕ್ಕೆ ನನ್ನ ಮಗಳು ಹುಟ್ಟಿದಳು. ನಿನಗೆ ಇವರು ಹಾಕಿದ ಟೆಲಿಗ್ರಾಂ ಸಿಕ್ಕಿರಬೇಕು. ಹೆಸರು ಭಾರ್ಗವಿ. ಈ ಸಲ ನಾನೇ ಮಗುಚಿ ನೋಡಿದೆ, ಬೆನ್ನಿನ ಮೇಲಿಂದ ಕೆಳಗಿನವರೆಗೆ ಬೆರಳು ಎಳೆದೆ. ಎಲ್ಲ ನೆಟ್ಟಗಿದೆ. ಈಗಾಗಲೇ ಕುತ್ತಿಗೆ ಎತ್ತಲು ನೋಡುತ್ತಾಳೆ. ಬಾಗಿಲು ಬಡಿದರೆ ಬೆಚ್ಚುತ್ತಾಳೆ. ಅಮ್ಮ ಎಣ್ಣೆ ಹಚ್ಚಿ ನೀರು ಹಾಕುವಾಗ ಮೂರು ಮನೆ ಆಚೆಗೆ ಕೇಳುವಂತೆ ಕಿರುಚುತ್ತಾಳೆ. ಓಬಳಮ್ಮನವರು ಬಸ್ಸಿನಲ್ಲಿ ಬಂದು ಮಗುವನ್ನು ಮಡಿಲಲ್ಲಿಟ್ಟುಕೊಂಡು ಸಾಯಂಕಾಲದವರೆಗೂ ಕೆಳಗಿಳಿಸಲಿಲ್ಲ.

ಸ್ಕ್ಯಾನಿನ ದಿನ ಮರೆಯುವುದಿಲ್ಲ. ಆ ಡಾಕ್ಟರು ಪರದೆಯ ಮೇಲೆ ಬಿಳಿಯ ಗೆರೆ ತೋರಿಸಿ "ನೋಡಿ, ತಲೆ ಮೂಳೆ ಪೂರ್ತಿ ಇದೆ" ಅಂದಾಗ ನೀನು ನನ್ನ ಕೈ ಬಿಟ್ಟು ಆಚೆ ಹೋದೆ. ಸಂತೋಷ ತಡೆಯಲಾರದೆ ಅಳಲು ಹೋದಳು ಎಂದು ಇವರಿಗೆ ಹೇಳಿದೆ. ನಿನ್ನಂಥವಳು ಇನ್ನೊಬ್ಬಳು ನನಗೆ ಸಿಗುವುದಿಲ್ಲ.

ಆರು ತಿಂಗಳು ತುಂಬಲಿ, ಮಗುವನ್ನು ಮೊದಲು ನಿನ್ನ ಹತ್ತಿರವೇ ತರುತ್ತೇನೆ. ಮೇ ಇಪ್ಪತ್ತೆಂಟು, ಶುಕ್ರವಾರ. ರಜೆ ಹಾಕಿ ಮನೆಯಲ್ಲಿರು.

ನಿನ್ನ
ಶ್ಯಾಮಲ


ಶಿಡ್ಲಘಟ್ಟ
6-6-1993

ಶ್ಯಾಮಲ,

ನೀನು ಬಂದ ದಿನ ನಮ್ಮತ್ತೆ "ಹಫೀಜಾ ಡ್ಯೂಟಿಗೆ ಹೋಗಿದ್ದಾಳೆ, ಅರ್ಜೆಂಟ್ ಅಂತ ಕರ್ಸಿದ್ರು" ಅಂದರಲ್ಲ, ಅದು ಸುಳ್ಳು. ನಾನೇ ಹೇಳಿಸಿದೆ. ರಜೆ ಹಾಕಿದ್ದೆ. ನಿನಗೆ ಬಿರಿಯಾನಿ ಆಗದೆಂದು ತರಕಾರಿ ಪಲಾವು ಮಾಡಿಟ್ಟಿದ್ದೆ. ಆಟೋದಿಂದ ನೀನು ಇಳಿಯುವುದು ಕಂಡಿತು. ಮಗು ನಿನ್ನ ಹೆಗಲ ಮೇಲಿಂದ ತಲೆ ಎತ್ತಿ ಬೀದಿಯೆಲ್ಲ ನೋಡುತ್ತಿತ್ತು. ನಾನು ಹಿಂದಿನ ಬಾಗಿಲಿನಿಂದ ಶೆಡ್ಡಿಗೆ ಹೋಗಿಬಿಟ್ಟೆ.

ಸ್ಕ್ಯಾನಿನ ದಿನ ಆಚೆ ಹೋದದ್ದೂ ಸಂತೋಷಕ್ಕಲ್ಲ. ಅಷ್ಟು ಹುಡುಕಿ ತಂದ ನನ್ನ ಮಾತ್ರೆ ಕೂಡ ನಿನಗೆ ಬೇಕಾಗಲಿಲ್ಲ. ಸುಮ್ಮನೆ, ತಾನೇ ತಾನಾಗಿ, ಸರಿಯಾಗಿಬಿಟ್ಟಿತು. ಹಾಗೆ ಸರಿಯಾಗುವುದಿದ್ದರೆ ನನ್ನ ಅಮಾನಿಗೆ ಯಾಕೆ ಆಗಲಿಲ್ಲ ಎಂದು ಗೋಡೆಗೆ ಒರಗಿ ನಿಂತಿದ್ದೆ. ಅಲ್ಲಿಗೆ ಬಂದು ನಿನ್ನ ಗಂಡ ನನಗೆ ಟೀ ತಂದುಕೊಟ್ಟರು. "ನಿಮ್ಮಿಂದ ಉಪಕಾರ ಆಯ್ತು ಸಿಸ್ಟರ್" ಅಂದರು. ಆ ಟೀಯನ್ನು ಕಿಟಕಿಯ ಮೇಲಿಟ್ಟು ಒಳಗೆ ಬಂದೆ.

ಶೆಡ್ಡಿನ ಕಿಟಕಿಯಿಂದ ನಮ್ಮ ಪಡಸಾಲೆ ಪೂರ್ತಿ ಕಾಣುತ್ತದೆ. ರೇಷ್ಮೆಗೂಡು ಬೇಯುವ ಹಬೆಯಲ್ಲಿ ನಿಂತು ನೋಡುತ್ತಿದ್ದೆ. ನೀನು ಚಾಪೆಯ ಮೇಲೆ ಮಗುವನ್ನು ಮಲಗಿಸಿದೆ. ಅಮಾನ್ ಓಲಾಡಿಕೊಂಡು ಬಂದ. ಬಗ್ಗಿ ಅದರ ನೆತ್ತಿಯ ಮೇಲೆ ಅಂಗೈ ಇಟ್ಟ, ಆ ಮೆತ್ತಗಿನ ಜಾಗದ ಮೇಲೆ. ಅವನಿಗೆ ಕೈ ಹತೋಟಿಯಿಲ್ಲ, ಒಮ್ಮೊಮ್ಮೆ ಗುದ್ದಿಬಿಡುತ್ತಾನೆ. ಅದು ನಿನಗೂ ಗೊತ್ತಾಯಿತು, ನಿನ್ನ ಮುಖ ನೋಡಿದೆ. ಅವನ ಕೈಯನ್ನು ನೀನು ಕಿತ್ತು ತೆಗೆಯಲಿ ಎಂದು ನಾನು ಕಾಯುತ್ತಿದ್ದೆ ಶ್ಯಾಮಲ. ತೆಗೆದಿದ್ದರೆ ಆಗಲೇ ಆಚೆ ಬಂದು ನಿನ್ನ ಜೊತೆ ಜಗಳವಾಡಿ, ಇವತ್ತಿಗೆ ಮುಗಿಯಿತು ಎಂದು ಹೇಳಬಹುದಿತ್ತು.

ನೀನು ತೆಗೆಯಲಿಲ್ಲ. ಅವನ ಮಣಿಕಟ್ಟಿನ ಕೆಳಗೆ ನಿನ್ನ ಕೈ ಇಟ್ಟು, ಭಾರ ಬೀಳದ ಹಾಗೆ ಹಿಡಿದು, ಅವನಿಗೆ ಸಾಕಾಗುವವರೆಗೂ ಹಾಗೇ ಕೂತಿದ್ದೆ. ಅವನು ನಕ್ಕ. ಆ ಸದ್ದು ಕೇಳಿ ನಿನ್ನ ಮಗಳು ಅವನ ಕಡೆ ತಿರುಗಿದಳು.

ಆಗಲೂ ನಾನು ಬರಲಿಲ್ಲ. ನೀನು ಒಂದು ಗಂಟೆಯ ಬಸ್ಸಿಗೆ ಹೊರಟ ಮೇಲೆ ಒಳಗೆ ಬಂದೆ. ನಮ್ಮತ್ತೆ ಪಲಾವಿನ ಪಾತ್ರೆ ಮುಚ್ಚುತ್ತ "ನಿನ್ ಸಲುವಾಗಿ ಸುಳ್ಳು ಹೇಳ್ದೆ, ಇನ್ನೊಂದ್ ಸಲ ಹೇಳಲ್ಲ ಬೇಟಿ" ಅಂದರು.

ಜುಲೈ ಎರಡನೆಯ ಶುಕ್ರವಾರ ಮತ್ತೆ ಬಾ. ಮಗುವನ್ನು ಬಿಟ್ಟು ಬರಬೇಡ. ಅಷ್ಟರೊಳಗೆ ನನ್ನ ಹೊಟ್ಟೆಕಿಚ್ಚು ಹೋಗಿರುತ್ತದೆ ಎಂದು ಹೇಳಲಾರೆ. ಆದರೆ ಮನೆಯಲ್ಲಿರುತ್ತೇನೆ, ಬಾಗಿಲು ನಾನೇ ತೆಗೆಯುತ್ತೇನೆ.

ಹಫೀಜಾ